ಮಕ್ಕಳು ಮತ್ತು ಹದಿಹರೆಯದವರಲ್ಲಿ ಆತ್ಮಹತ್ಯೆಯ ಅಪಾಯ: ಸಂಶೋಧನೆ ಏನು ಹೇಳುತ್ತದೆ, ಮನೆಯವರು ಏನು ಮಾಡಬಹುದು

ಹೊಸದುರ್ಗ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಮಾಡದಕೆರೆ ಒಂದು. ಇಂಥ ಹೋಬಳಿ ಊರುಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಯಾರ ಮಗನಿಗೆ ಎಷ್ಟು ಬಂತು, ಯಾರ ಮಗಳು ಯಾವ ವಿಷಯದಲ್ಲಿ ಫೇಲಾದಳು ಎಂಬುದು ಮಧ್ಯಾಹ್ನದೊಳಗೆ ಅಂಗಡಿ ಬೀದಿಗೆಲ್ಲ ಗೊತ್ತಾಗಿರುತ್ತದೆ. ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಇದರ ಬಿಸಿ ಇನ್ನೂ ಹೆಚ್ಚು. 2023ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 96.8 ಫಲಿತಾಂಶದೊಂದಿಗೆ ಚಿತ್ರದುರ್ಗ ಇಡೀ ರಾಜ್ಯಕ್ಕೆ ಮೊದಲ ಸ್ಥಾನದಲ್ಲಿತ್ತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ರಾಜ್ಯದ ಸರಾಸರಿಯೇ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಚಿತ್ರದುರ್ಗ ಇಪ್ಪತ್ತನೇ ಸ್ಥಾನಕ್ಕಿಂತಲೂ ಕೆಳಗೆ ಹೋಯಿತು.

ಜಿಲ್ಲೆಗೆ ಇದು ಸ್ಥಾನದ ವಿಷಯ, ಅಧಿಕಾರಿಗಳಿಗೆ ಸಭೆಯ ವಿಷಯ. ಫೇಲಾದ ಹದಿನೈದು ವರ್ಷದ ಮಗುವಿಗೆ ಅದು ಆ ದಿನದ ಮಟ್ಟಿಗೆ ಇಡೀ ಬದುಕಿನ ವಿಷಯವಾಗಿ ಕಾಣಬಹುದು. ಫಲಿತಾಂಶದ ವಾರದಲ್ಲಿ ಪತ್ರಿಕೆಯ ಒಳಪುಟದಲ್ಲಿ ಬರುವ ಸಣ್ಣ ಸುದ್ದಿಗಳನ್ನು ಎಲ್ಲರೂ ಓದಿರುತ್ತಾರೆ. ಓದಿ, "ಅಯ್ಯೋ ಪಾಪ" ಎಂದು ಪುಟ ತಿರುಗಿಸುತ್ತಾರೆ. ನಮ್ಮ ಮನೆಗೆ ಸಂಬಂಧಪಟ್ಟದ್ದಲ್ಲ ಎಂಬ ಭಾವನೆ ಸಹಜ. ಆದರೆ ಈ ಬಗ್ಗೆ ನಡೆದ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಯಾವ ಜಾತಿ, ಯಾವ ಧರ್ಮ, ಎಷ್ಟು ಅನುಕೂಲ ಎಂಬುದರ ಮೇಲೆ ಯಾವ ಮನೆಗೂ ರಕ್ಷೆ ಸಿಗುವುದಿಲ್ಲ ಎಂಬುದು ಗೊತ್ತಾಗುತ್ತದೆ. ಅದರ ಜೊತೆಗೇ ಈ ಸಾವುಗಳಲ್ಲಿ ಬಹಳಷ್ಟನ್ನು ತಡೆಯಬಹುದು ಎಂಬುದೂ ಗೊತ್ತಾಗುತ್ತದೆ.

ಓದುತ್ತಿರುವವರ ಮನೆಯಲ್ಲೇ ಈಗ ಇಂಥ ಚಿಂತೆ ಇದ್ದರೆ ಲೇಖನ ಮುಗಿಯುವವರೆಗೆ ಕಾಯಬೇಕಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಅಂಕಿಅಂಶ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 36 ವಿದ್ಯಾರ್ಥಿಗಳು. ಹದಿನೆಂಟು ವರ್ಷದೊಳಗಿನವರ ವಿಷಯದಲ್ಲಿ ಪೊಲೀಸರು ಬರೆದುಕೊಳ್ಳುವ ಕಾರಣಗಳಲ್ಲಿ ಮೊದಲ ಸ್ಥಾನ ಪರೀಕ್ಷೆಗಲ್ಲ, ಕುಟುಂಬದ ಸಮಸ್ಯೆಗೆ. ಪ್ರೇಮ ಪ್ರಕರಣ, ಕಾಯಿಲೆ, ಪರೀಕ್ಷೆಯಲ್ಲಿ ಫೇಲಾದದ್ದು ಎಲ್ಲ ಅದರ ನಂತರ ಬರುತ್ತವೆ. ಫಲಿತಾಂಶದ ದಿನ ಮಾತ್ರ ಎಚ್ಚರವಾಗಿದ್ದರೆ ಸಾಕು ಎಂದುಕೊಂಡವರು ಇದನ್ನು ಗಮನಿಸಬೇಕು.

ಈ ಅಂಕಿಗಳು ಠಾಣೆಯ ದಾಖಲೆಯಿಂದ ಬಂದವು. ಠಾಣೆಗೆ ಹೋಗದ ಸಾವುಗಳು, "ಹೊಟ್ಟೆನೋವು ತಾಳಲಾರದೆ" ಎಂದು ಬರೆಸಿದ ಸಾವುಗಳು, ಆಕಸ್ಮಿಕ ಎಂದು ಮುಗಿಸಿದ ಸಾವುಗಳು ಇದರಲ್ಲಿ ಸರಿಯಾಗಿ ಕಾಣುವುದಿಲ್ಲ. ಇದನ್ನು ತೋರಿಸಿಕೊಟ್ಟ ಅಧ್ಯಯನ ನಮ್ಮ ಪಕ್ಕದ ತಮಿಳುನಾಡಿನ ವೆಲ್ಲೂರಿನದು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಕಣಿಯಂಬಾಡಿ ಎಂಬ ಗ್ರಾಮೀಣ ಪ್ರದೇಶದಲ್ಲಿ ಸಾವು ನಡೆದ ಮನೆಗಳಿಗೆ ಹೋಗಿ, ಮನೆಯವರನ್ನೂ ಅಕ್ಕಪಕ್ಕದವರನ್ನೂ ವಿಚಾರಿಸಿ ಕಾರಣ ಗೊತ್ತು ಮಾಡಿಕೊಳ್ಳುತ್ತಿದ್ದರು. 1992ರಿಂದ 2001ರವರೆಗಿನ ಈ ಲೆಕ್ಕ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ಆತ್ಮಹತ್ಯೆಯ ಪ್ರಮಾಣ ಒಂದು ಲಕ್ಷಕ್ಕೆ ವರ್ಷಕ್ಕೆ ಹುಡುಗರಲ್ಲಿ 58, ಹುಡುಗಿಯರಲ್ಲಿ 148. ಆ ವಯಸ್ಸಿನಲ್ಲಿ ತೀರಿಕೊಂಡ ಹುಡುಗಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಸಾವಿಗೆ ಕಾರಣ ಇದೇ. ಸರ್ಕಾರಿ ಲೆಕ್ಕ ನೋಡಿ ಅಭ್ಯಾಸವಾದವರಿಗೆ ಇದು ನಂಬಲಾಗದ ಸಂಖ್ಯೆಯಾಗಿತ್ತು.

ಆ ಅಧ್ಯಯನ ಹಳೆಯದು, ಒಂದೇ ಪ್ರದೇಶದ್ದು ಎಂದು ಹೇಳಬಹುದು, ನಿಜ. ಆದರೆ 2018ರಲ್ಲಿ ಇಡೀ ದೇಶದ ಲೆಕ್ಕ ತೆಗೆದ ಮತ್ತೊಂದು ತಂಡವೂ 15ರಿಂದ 39 ವರ್ಷದ ಭಾರತೀಯರ ಸಾವಿಗೆ ಮೊದಲ ಕಾರಣ ಆತ್ಮಹತ್ಯೆ ಎಂದೇ ಹೇಳಿತು. ದಕ್ಷಿಣದ ರಾಜ್ಯಗಳಲ್ಲಿ, ಕರ್ನಾಟಕವೂ ಸೇರಿ, ಪ್ರಮಾಣ ಹೆಚ್ಚು. ಡೆಂಗಿ, ಜ್ವರ ಎಂದರೆ ಮಕ್ಕಳನ್ನು ಎತ್ತಿಕೊಂಡು ಓಡುವ ನಾವು ಇದನ್ನು ಮಾತ್ರ ಕಾಯಿಲೆಗಳ ಪಟ್ಟಿಯಲ್ಲೇ ಇಟ್ಟಿಲ್ಲ.

ಒಂದೇ ಕಾರಣ ಎಂಬುದಿಲ್ಲ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಜಿ. ಗುರುರಾಜ್ ಮತ್ತು ಸಂಗಡಿಗರು ಆತ್ಮಹತ್ಯೆಯಿಂದ ತೀರಿಕೊಂಡ 269 ಜನರ ವಿವರಗಳನ್ನು ಅಷ್ಟೇ ಸಂಖ್ಯೆಯ ಬೇರೆಯವರ ವಿವರಗಳೊಂದಿಗೆ ಹೋಲಿಸಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದು ಮಕ್ಕಳದ್ದಷ್ಟೇ ಅಲ್ಲ, ಎಲ್ಲ ವಯಸ್ಸಿನವರದು. ಆದರೂ ಅದರಲ್ಲಿ ಕಂಡ ಮುಖ್ಯ ವಿಷಯ ಮಕ್ಕಳಿಗೂ ಅನ್ವಯಿಸುತ್ತದೆ. ಯಾವುದೋ ಒಂದು ಘಟನೆಯಿಂದ ಸಾವು ಬಂದದ್ದಲ್ಲ. ಹಲವು ಕಷ್ಟಗಳು ಒಂದರ ಮೇಲೊಂದು ಸೇರಿ, ಮತ್ತೆ ಮತ್ತೆ ಬಂದು, ಒಂದು ಇನ್ನೊಂದನ್ನು ಹೆಚ್ಚಿಸಿದ್ದವು. ಮನೆಯಲ್ಲಿ ಕುಡಿತ, ಹೊಡೆತ, ಮೊದಲೊಮ್ಮೆ ಪ್ರಯತ್ನಿಸಿದ್ದು, ಕಷ್ಟ ಬಂದಾಗ ಹೇಗೆ ನಿಭಾಯಿಸುವುದು ಎಂದು ತಿಳಿಯದಿರುವುದು, ಹೀಗೆ.

ಹದಿಹರೆಯದವರ ಬಗ್ಗೆಯೇ ಕೇಳಿದರೆ ಗೋವಾದ ಅಧ್ಯಯನ ನೋಡಬೇಕು. 16ರಿಂದ 24 ವರ್ಷದ 3,662 ಯುವಕ ಯುವತಿಯರನ್ನು ಮನೆಮನೆಗೆ ಹೋಗಿ ಮಾತಾಡಿಸಿದ ಆ ಅಧ್ಯಯನದಲ್ಲಿ ಶೇ 3.9 ಮಂದಿ ಹಿಂದಿನ ಮೂರು ತಿಂಗಳಲ್ಲಿ ಇಂಥ ಯೋಚನೆಯೋ ಪ್ರಯತ್ನವೋ ಇತ್ತು ಎಂದರು. ಹುಡುಗಿಯರಲ್ಲಿ ಹೆಚ್ಚು. ದೈಹಿಕ ಹಿಂಸೆ, ಲೈಂಗಿಕ ದೌರ್ಜನ್ಯ ಅನುಭವಿಸಿದವರಲ್ಲಿ ಅಪಾಯ ಎದ್ದು ಕಂಡಿತು. ಈ ಮಾತನ್ನು ಸಮಾಜದ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಎತ್ತಲೇಬೇಕು. ಪರಿಚಿತರಿಂದ, ಬಂಧುಗಳಿಂದ ಮಗುವಿಗೆ ಕಿರುಕುಳವಾಗಿ, ಅದನ್ನು ಹೇಳಿದಾಗ "ಸುಮ್ಮನಿರು, ಹೊರಗೆ ಹೇಳಬೇಡ" ಎಂದರೆ ಆ ಮಗುವಿಗೆ ಎರಡನೇ ಗಾಯ. ಮಗು ಹೇಳಿದ್ದನ್ನು ನಂಬುವುದು ಮೊದಲ ಚಿಕಿತ್ಸೆ. ಮಕ್ಕಳ ಸಹಾಯವಾಣಿ 1098 ಇರುವುದು ಇದಕ್ಕೇ.

ಖಿನ್ನತೆಯ ಪಾಲು ದೊಡ್ಡದು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅಂದರೆ ನೂರು ಮಕ್ಕಳ ಒಂದು ಹೈಸ್ಕೂಲಿನಲ್ಲಿ ಏಳು ಮಂದಿ. ಚಿಕಿತ್ಸೆ ಸಿಕ್ಕವರು ಬಹಳ ಕಡಿಮೆ. ಮಕ್ಕಳಲ್ಲಿ ಖಿನ್ನತೆ ದೊಡ್ಡವರಂತೆ ಮೂಲೆ ಹಿಡಿದು ಅಳುವ ರೂಪದಲ್ಲೇ ಬರಬೇಕೆಂದಿಲ್ಲ. ಸಿಡುಕು, ಎದುರುಮಾತು, ಊಟ ಬಿಡುವುದು, ರಾತ್ರಿಯೆಲ್ಲ ಎಚ್ಚರ, ಮೊದಲು ಇಷ್ಟವಿದ್ದ ಆಟ ಬೇಡವಾಗುವುದು, ತಲೆನೋವು ಹೊಟ್ಟೆನೋವು ಎಂದು ಪದೇ ಪದೇ ಶಾಲೆ ತಪ್ಪಿಸುವುದು, ಹೀಗೂ ಬರುತ್ತದೆ. "ವಯಸ್ಸಿನ ಸೊಕ್ಕು" ಎಂದು ಬೈದು ಬಿಡುವಂಥವೇ ಎಲ್ಲ.

ಹದಿಹರೆಯದ ಮಿದುಳಿನ ಬಗ್ಗೆಯೂ ಒಂದು ಮಾತು. ಮುಂದಿನ ಪರಿಣಾಮ ಯೋಚಿಸಿ ಕೈ ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಭಾವನೆಯ ಭಾಗ ಮಾತ್ರ ಹದಿಮೂರು ಹದಿನಾಲ್ಕಕ್ಕೇ ಪೂರ್ತಿ ಜೋರಿನಲ್ಲಿರುತ್ತದೆ. ಆದ್ದರಿಂದಲೇ ಮಕ್ಕಳಲ್ಲಿ ಎಷ್ಟೋ ಪ್ರಯತ್ನಗಳು ದಿನಗಟ್ಟಲೆ ಯೋಚಿಸಿ ಆದವಲ್ಲ. ಒಂದು ಜಗಳ, ಒಂದು ಅವಮಾನ, ಕಿತ್ತುಕೊಂಡ ಒಂದು ಮೊಬೈಲ್, ಅದರ ಹಿಂದೆ ಯಾರಿಗೂ ಕಾಣದೆ ಮೊದಲೇ ತುಂಬಿದ್ದ ನೋವು. ಆ ಕೆಟ್ಟ ಗಳಿಗೆ ದಾಟಿದರೆ ಬಹುಪಾಲು ಮಕ್ಕಳು ಬದುಕುತ್ತಾರೆ. ಒಮ್ಮೆ ಪ್ರಯತ್ನಿಸಿ ಉಳಿದವರನ್ನು ವರ್ಷಗಟ್ಟಲೆ ಗಮನಿಸಿದ ಸಂಶೋಧನೆಗಳ ಪ್ರಕಾರ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಇದು ಧೈರ್ಯದ ಮಾತು. ಜೊತೆಗೆ ಎಚ್ಚರಿಕೆಯೂ ಬೇಕು: ಒಮ್ಮೆ ಪ್ರಯತ್ನಿಸಿದ ಮಗುವಿಗೆ ಮುಂದಿನ ಕೆಲವು ತಿಂಗಳು ಬೇರೆ ಮಕ್ಕಳಿಗಿಂತ ಹೆಚ್ಚು ಅಪಾಯವಿರುತ್ತದೆ. "ಹೆದರಿಸಲಿಕ್ಕೆ ಮಾಡಿದ್ದು" ಎಂದು ತಳ್ಳಿಹಾಕುವುದು ದೊಡ್ಡ ತಪ್ಪು.

ಕೇಳಿದರೆ ತಲೆಗೆ ತುಂಬಿದಂತಾಗುತ್ತದೆಯೇ?

ಬಹುತೇಕ ಪೋಷಕರು ಹಿಂಜರಿಯುವುದು ಇಲ್ಲಿ. "ಸಾಯುವ ಯೋಚನೆ ಬರುತ್ತಿದೆಯಾ" ಎಂದು ಮಗುವನ್ನು ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗದೇ? ಇದನ್ನೇ ಪರೀಕ್ಷಿಸಲು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳಲ್ಲಿ 2,342 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಈ ಪ್ರಶ್ನೆಗಳನ್ನು ನೇರವಾಗಿ ಕೇಳಿದರು, ಇನ್ನೊಂದಕ್ಕೆ ಕೇಳಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಕೇಳಿಸಿಕೊಂಡವರಲ್ಲಿ ಸಂಕಟವೂ ಹೆಚ್ಚಿರಲಿಲ್ಲ, ಅಂಥ ಯೋಚನೆಯೂ ಹೆಚ್ಚಿರಲಿಲ್ಲ. ಮೊದಲೇ ಖಿನ್ನತೆಯಲ್ಲಿದ್ದ ಮಕ್ಕಳಿಗೆ ಕೇಳಿದ್ದರಿಂದ ಸ್ವಲ್ಪ ಹಗುರವೇ ಆದಂತಿತ್ತು. 2005ರಲ್ಲಿ ಇದು ಪ್ರಕಟವಾಯಿತು. ಆಮೇಲೆ ಬಂದ ಅಧ್ಯಯನಗಳೂ ಇದನ್ನೇ ಹೇಳಿವೆ.

ಕೇಳುವ ರೀತಿ ಮಾತ್ರ ಮುಖ್ಯ. ಸಂಜೆ ಅಂಗಡಿ ಲೆಕ್ಕ ನೋಡುತ್ತಾ, ಮೊಬೈಲ್ ಹಿಡಿದುಕೊಂಡು, ನೆಂಟರ ಎದುರಿಗೆ ಕೇಳುವುದಲ್ಲ. ಇಬ್ಬರೇ ಇದ್ದಾಗ, ಗಾಡಿಯಲ್ಲಿ ಹೋಗುತ್ತಲೋ ಜಗಲಿಯ ಮೇಲೆ ಕೂತೋ, "ಈಚೆಗೆ ನೀನು ಸರಿಯಾಗಿ ಮಲಗುತ್ತಿಲ್ಲ, ಮಾತೂ ಕಡಿಮೆಯಾಗಿದೆ, ಏನೋ ಭಾರ ಹೊತ್ತಿದ್ದೀಯ ಅನಿಸುತ್ತದೆ. ಬದುಕುವುದೇ ಬೇಡ ಅನಿಸುವಷ್ಟು ಬೇಜಾರಾಗಿದೆಯಾ?" ಎಂದು ಕೇಳಬಹುದು. ಹೌದು ಎಂದರೆ ಬೆಚ್ಚಿಬೀಳಬಾರದು, ಬೈಯಬಾರದು, ಅಳಬಾರದು. ಎಂದಿನಿಂದ, ಹೇಗೆ ಎಂದು ಕೇಳಿ ಸುಮ್ಮನೆ ಕೇಳಿಸಿಕೊಳ್ಳಬೇಕು. "ನಿನಗೇನು ಕಡಿಮೆ ಮಾಡಿದ್ದೇವೆ" ಎಂಬ ಮಾತು ಎಲ್ಲ ತಂದೆತಾಯಿಗಳ ಬಾಯಲ್ಲೂ ಬರುತ್ತದೆ. ಅದೊಂದನ್ನು ನುಂಗಿಕೊಂಡರೆ ಅರ್ಧ ಕೆಲಸ ಆದಂತೆ.

ನಮ್ಮ ಮನೆಗಳಲ್ಲಿ ಇನ್ನೊಂದು ಅಡ್ಡಿ ಇದೆ. ಮಗು ಹೀಗೆಂದ ಕೂಡಲೇ "ಅದು ಮಹಾಪಾಪ, ಮನುಷ್ಯ ಜನ್ಮ ಸಿಗುವುದು ದುರ್ಲಭ" ಎಂದು ಉಪದೇಶ ಶುರುವಾಗುತ್ತದೆ. ಮಾತು ಸುಳ್ಳೆಂದಲ್ಲ. ಆದರೆ ಆಗಲೇ ತಾನು ಕೆಟ್ಟವನು, ಮನೆಗೆ ಹೊರೆ ಎಂದುಕೊಂಡಿರುವ ಮಗುವಿಗೆ ಆ ಗಳಿಗೆಯಲ್ಲಿ ಕೇಳಿಸುವುದು "ನೀನು ಪಾಪಿ" ಎಂಬುದಷ್ಟೇ. ಅದು ಮತ್ತೆ ಬಾಯಿ ತೆರೆಯುವುದಿಲ್ಲ. ಅಜ್ಜಿಯ ಮಡಿಲು, ಮನೆಯ ನಿತ್ಯದ ಪ್ರಾರ್ಥನೆ, ಪಾಠಶಾಲೆಯ ಗೆಳೆಯರು ಇವೆಲ್ಲ ಮಗುವಿಗೆ ಆಸರೆಯೇ. ಯಾರಿಗೋ ಸೇರಿದವನು ನಾನು ಎಂಬ ಭಾವನೆ ಅಪಾಯವನ್ನು ಕಡಿಮೆ ಮಾಡುತ್ತದೆ ಎಂದು ಸಂಶೋಧಕರೂ ಒಪ್ಪುತ್ತಾರೆ. ಆಸರೆ ಮೊದಲು, ಉಪದೇಶ ಆಮೇಲೆ.

ಸಲ್ಲೇಖನದ ಬಗ್ಗೆ 2015ರಲ್ಲಿ ರಾಜಸ್ಥಾನ ಹೈಕೋರ್ಟಿನ ತೀರ್ಪು ಬಂದು, ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟ ಮೇಲೆ ಮಕ್ಕಳೂ ಆ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಆಯುಷ್ಯದ ಕೊನೆಯಲ್ಲಿ, ಗುರುಗಳ ಅನುಮತಿಯಿಂದ, ಯಾವ ದುಃಖ ಉದ್ವೇಗವೂ ಇಲ್ಲದೆ ಹಿಡಿಯುವ ವ್ರತಕ್ಕೂ ನೊಂದ ಮಗುವಿನ ಸಂಕಟಕ್ಕೂ ಸಂಬಂಧವಿಲ್ಲ ಎಂದು ದೊಡ್ಡವರು ಸ್ಪಷ್ಟವಾಗಿ ಹೇಳಿದರೆ ಸಾಕು. ಚರ್ಚೆ ಬೆಳೆಸುವ ಅಗತ್ಯವಿಲ್ಲ.

ಮನೆಯಲ್ಲಿ ಏನಿದೆ ಎಂಬುದೂ ಮುಖ್ಯ

ಕೆಟ್ಟ ಗಳಿಗೆ ಚಿಕ್ಕದು ಎಂದ ಮೇಲೆ, ಆ ಗಳಿಗೆಯಲ್ಲಿ ಕೈಗೆ ಅಪಾಯದ ವಸ್ತು ಸಿಗದಂತೆ ಮಾಡುವುದು ಜೀವ ಉಳಿಸುತ್ತದೆ. ಇದು ಊಹೆಯಲ್ಲ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು 1980ರ ದಶಕದಿಂದ ಹಂತ ಹಂತವಾಗಿ ನಿಷೇಧಿಸಿದರು. 1995ರಿಂದ 2015ರ ನಡುವೆ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70 ಇಳಿಯಿತು. ಬೆಳೆಯ ಇಳುವರಿಗೆ ಅದರಿಂದ ಪೆಟ್ಟೂ ಬೀಳಲಿಲ್ಲ.

ಹಾಗಾದರೆ ಮನೆಯಲ್ಲಿ ಬೀಗ ಹಾಕಿಟ್ಟರೆ ಸಾಕೇ? ಅದನ್ನೂ ಶ್ರೀಲಂಕಾದಲ್ಲೇ ನೋಡಿದರು. 180 ಹಳ್ಳಿಗಳಲ್ಲಿ ಅರ್ಧದಷ್ಟು ಕಡೆ ರೈತರ ಮನೆಗಳಿಗೆ ಬೀಗದ ಪೆಟ್ಟಿಗೆ ಕೊಟ್ಟು ಫಲಿತಾಂಶ ಹೋಲಿಸಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪೆಟ್ಟಿಗೆಯಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಬೀಗದ ಕೈ ಎಲ್ಲಿದೆ ಎಂಬುದು ಮನೆಯವರಿಗೆಲ್ಲ ಗೊತ್ತಿರುತ್ತದಲ್ಲ! ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಚೆನ್ನೈನ ಡಾ. ಲಕ್ಷ್ಮಿ ವಿಜಯಕುಮಾರ್ ಅವರ ತಂಡ ಬೇರೆ ದಾರಿ ಹಿಡಿಯಿತು. ಬ್ಯಾಂಕ್ ಲಾಕರಿನ ಹಾಗೆ ಊರಿಗೊಂದು ಸಂಗ್ರಹ ಕೋಣೆ ಮಾಡಿ ಔಷಧಿಯನ್ನು ಮನೆಯಿಂದಲೇ ಹೊರಗಿಡಿಸಿತು. ಎರಡೇ ಹಳ್ಳಿಗಳ ಸಣ್ಣ ಪ್ರಯೋಗ ಅದು, ಆದರೂ ಫಲ ಆಶಾದಾಯಕವಾಗಿತ್ತು. ಆಮೇಲೆ ಗುಜರಾತಿನ ಮೆಹ್ಸಾಣಾ ಜಿಲ್ಲೆಯಲ್ಲಿ ನಡೆದ ದೊಡ್ಡ ಯೋಜನೆಯಲ್ಲೂ ಈ ಕೋಣೆಗಳನ್ನು ಸೇರಿಸಿಕೊಂಡರು.

ಇದು ನಮ್ಮ ಓದುಗರಿಗೆ ಹೊರಗಿನ ವಿಷಯವಲ್ಲ. ಬೆಳಗಾವಿ ಕಡೆಯ ಜೈನ ಕುಟುಂಬಗಳಲ್ಲಿ ಬೇಸಾಯಗಾರರೇ ಹೆಚ್ಚು. ತಾಲ್ಲೂಕು ಪೇಟೆಗಳಲ್ಲಿ ಗೊಬ್ಬರ, ಔಷಧಿ ಅಂಗಡಿ ನಡೆಸುವವರೂ ಇದ್ದಾರೆ. ಬೇಕಾದಷ್ಟೇ ತಂದು ಅಂದೇ ಮುಗಿಸುವುದು, ಉಳಿದದ್ದನ್ನು ತೋಟದ ಮನೆಯಲ್ಲೋ ಸೊಸೈಟಿಯಲ್ಲೋ ಇಡುವುದು, ಮಕ್ಕಳನ್ನು ಕಳಿಸಿದರೆ ಅಂಗಡಿಯಲ್ಲಿ ಕೊಡದಿರುವುದು ಇವು ದುಡ್ಡು ಕೇಳದ ಕ್ರಮಗಳು. ಅಂಗಡಿಯವರು ಚಿಕ್ಕವರಿಗೆ ಮಾರಲಿಲ್ಲವೆಂದು ವ್ಯಾಪಾರ ಮುಳುಗುವುದಿಲ್ಲ. ಪೇಟೆ ಮನೆಗಳಲ್ಲಿ ಇದೇ ಲೆಕ್ಕ ಅಜ್ಜ ಅಜ್ಜಿಯರ ಮಾತ್ರೆ ಡಬ್ಬಿಗೂ ಅನ್ವಯ. ಮಗು ನೊಂದಿದೆ ಎಂದು ಗೊತ್ತಾದ ದಿನವೇ ಇವನ್ನೆಲ್ಲ ಮನೆಯಿಂದ ಆಚೆ ಸಾಗಿಸಬೇಕು. ಮಗುವನ್ನು ಒಂಟಿಯಾಗಿ ಬಿಡಬಾರದು.

ಶಾಲೆ, ಹಾಸ್ಟೆಲ್

ಮಾಡದಕೆರೆಯ ಮಗು ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಹೊಸದುರ್ಗಕ್ಕೋ ಚಿತ್ರದುರ್ಗಕ್ಕೋ ಬಸ್ಸು ಹತ್ತುತ್ತದೆ. ಅನುಕೂಲವಿದ್ದವರು ದಾವಣಗೆರೆ, ಮೂಡುಬಿದಿರೆ, ಬೆಂಗಳೂರಿನ ಹಾಸ್ಟೆಲುಗಳಿಗೆ ಕಳಿಸುತ್ತಾರೆ. ಹತ್ತು ವರ್ಷ ಕನ್ನಡದಲ್ಲಿ ಓದಿ ತರಗತಿಗೆ ಮೊದಲಿಗನಾಗಿದ್ದ ಹುಡುಗ ಪಿಯು ವಿಜ್ಞಾನದ ಮೊದಲ ಟೆಸ್ಟಿನಲ್ಲಿ ಕೊನೆಯ ಸಾಲಿಗೆ ಬರುತ್ತಾನೆ. ಮನೆಯಲ್ಲಿ ಫೀಸು ಕಟ್ಟಲು ಏನು ಅಡವಿಟ್ಟಿದ್ದಾರೆ ಎಂಬುದು ಅವನಿಗೆ ಗೊತ್ತು. ಭಾನುವಾರದ ಫೋನಿನಲ್ಲಿ "ಊಟ ಆಯ್ತಾ, ಮಾರ್ಕ್ಸ್ ಎಷ್ಟು" ಎಂಬ ಎರಡೇ ಪ್ರಶ್ನೆ ಇದ್ದರೆ ಮೂರನೆಯ ವಿಷಯ ಹೇಳಲು ಅವನಿಗೆ ಜಾಗ ಎಲ್ಲಿ?

ಶಾಲೆಯಲ್ಲಿ ಏನು ಮಾಡಿದರೆ ಫಲ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಯುರೋಪಿನ 10 ದೇಶಗಳ 168 ಶಾಲೆಗಳ 11,110 ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಮೂರು ವಿಧಾನ ಹೋಲಿಸಿದರು: ಶಿಕ್ಷಕರಿಗೆ ತರಬೇತಿ, ತಜ್ಞರಿಂದ ತಪಾಸಣೆ, ಮಕ್ಕಳಿಗೇ ನಾಟಕ ಮತ್ತು ಚರ್ಚೆಯ ಮೂಲಕ ಮನಸ್ಸಿನ ಆರೋಗ್ಯದ ಪಾಠ. ಮೊದಲೆರಡರಿಂದ ಹೆಚ್ಚು ಫಲ ಕಾಣಲಿಲ್ಲ. ಮಕ್ಕಳೇ ಮಾತಾಡಿ, ಅಭಿನಯಿಸಿ ಕಲಿತ ಶಾಲೆಗಳಲ್ಲಿ ಒಂದು ವರ್ಷದ ನಂತರ ಹೊಸ ಪ್ರಯತ್ನಗಳು ಅರ್ಧಕ್ಕೆ ಇಳಿದಿದ್ದವು. ಶೇ 1.51 ಇದ್ದದ್ದು ಶೇ 0.70. ಈ ಪಾಠಕ್ಕೆ ದೊಡ್ಡ ಕಟ್ಟಡವೋ ಯಂತ್ರವೋ ಬೇಕಿಲ್ಲ, ಐದಾರು ಗಂಟೆಯ ಸಮಯ ಬೇಕು ಅಷ್ಟೆ. ಮೆಹ್ಸಾಣಾದ ಯೋಜನೆ ಇದನ್ನು ಗುಜರಾತಿನ ಶಾಲೆಗಳಿಗೂ ತಂದಿತು.

ಬಿಹಾರದ ನಳಂದಾ ಜಿಲ್ಲೆಯ 74 ಶಾಲೆಗಳ ಇನ್ನೊಂದು ಪ್ರಯೋಗದಲ್ಲಿ ಊರಿನವರನ್ನೇ ತರಬೇತುಗೊಳಿಸಿ ಆಪ್ತಸಮಾಲೋಚಕರಾಗಿ ಇಟ್ಟರು. ಮಕ್ಕಳ ನಡುವಿನ ಕೀಟಲೆ, ಹೊಡೆದಾಟ, ಖಿನ್ನತೆಯ ಲಕ್ಷಣ ಎಲ್ಲ ಕಡಿಮೆಯಾಯಿತು. ಅದೇ ಕೆಲಸವನ್ನು ಪಾಠ ಮಾಡುವ ಮೇಷ್ಟ್ರ ತಲೆಗೇ ಕಟ್ಟಿದ ಶಾಲೆಗಳಲ್ಲಿ ಏನೂ ಆಗಲಿಲ್ಲ. ಮೇಷ್ಟ್ರಿಗೆ ಪುರುಸೊತ್ತು ಎಲ್ಲಿ? ಸಮಾಜದ ಟ್ರಸ್ಟುಗಳು ನಡೆಸುವ ಶಾಲೆ, ಹಾಸ್ಟೆಲುಗಳ ಆಡಳಿತ ಮಂಡಳಿಯವರು ಈ ಎರಡು ಅಧ್ಯಯನಗಳ ಮೇಲೆ ಒಂದು ಸಭೆ ನಡೆಸಿದರೂ ಸಾರ್ಥಕ. ಹೊಸ ಸಭಾಭವನಕ್ಕೆ ದಾನಿಗಳು ಸಿಗುವಾಗ ಒಬ್ಬ ಆಪ್ತಸಮಾಲೋಚಕರ ಸಂಬಳಕ್ಕೆ ಸಿಗುವುದಿಲ್ಲವೇ? ಈಗಂತೂ ಅದು ದಾನದ ವಿಷಯವಷ್ಟೇ ಅಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಂತೆ ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರು ಇರಲೇಬೇಕು. ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚು ಮಾಡಿ ಕೂರಿಸಬಾರದು, ಎಲ್ಲರೆದುರು ಅವಮಾನ ಮಾಡಬಾರದು ಎಂದೂ ಅದರಲ್ಲಿದೆ.

ಪರೀಕ್ಷೆಯ ವಿಷಯದಲ್ಲಿ ಕರ್ನಾಟಕ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. 2024ರಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶಗಳಿವೆ. ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಫೇಲಾದರೆ ವರ್ಷ ಹಾಳು ಎಂಬ ಹಳೆಯ ಹೆದರಿಕೆಗೆ ಈಗ ಆಧಾರವಿಲ್ಲ. ಇದನ್ನು ಫಲಿತಾಂಶ ಬಂದ ಮೇಲಲ್ಲ, ಪರೀಕ್ಷೆಗೆ ಮುಂಚೆಯೇ ಮಗುವಿಗೆ ಹೇಳಿರಬೇಕು. ಸಮಾಜದ ಗುಂಪುಗಳಲ್ಲಿ ಶೇ 95ರ ಮೇಲಿನವರ ಫೋಟೊ ಹಾಕಿ ಅಭಿನಂದಿಸುವುದು ತಪ್ಪಲ್ಲ. ಆ ಗುಂಪಿನಲ್ಲೇ ಶೇ 50 ಬಂದವನ ತಾಯಿಯೂ ಇದ್ದಾಳೆ ಎಂಬ ನೆನಪಿದ್ದರೆ ಸಾಕು.

ವಾಟ್ಸ್‌ಆ್ಯಪ್ ಗುಂಪಿನವರು ಗಮನಿಸಬೇಕಾದ್ದು

ಆತ್ಮಹತ್ಯೆಯ ಸುದ್ದಿ ಹರಡುವ ರೀತಿಯಿಂದಲೇ ಇನ್ನೊಬ್ಬರಿಗೆ ಅಪಾಯ ಆಗಬಹುದು. ಹದಿಹರೆಯದವರಿಗೆ ಇದು ಹೆಚ್ಚು ತಟ್ಟುತ್ತದೆ. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಮೆಟ್ರೊ ರೈಲಿನಲ್ಲಿ ಆಗುತ್ತಿದ್ದ ಸಾವುಗಳನ್ನು ಪತ್ರಿಕೆಗಳು ದೊಡ್ಡದಾಗಿ ಬರೆಯುತ್ತಿದ್ದವು. 1987ರಲ್ಲಿ ತಜ್ಞರ ಕೋರಿಕೆಯ ಮೇರೆಗೆ ಆ ಬರವಣಿಗೆ ನಿಲ್ಲಿಸಿದರು. ಸಾವು, ಪ್ರಯತ್ನ ಎರಡೂ ಗಣನೀಯವಾಗಿ ಇಳಿದವು. ನಮ್ಮ ಪ್ರೆಸ್ ಕೌನ್ಸಿಲ್ ಕೂಡ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಆಧಾರದ ಮೇಲೆ ಪತ್ರಿಕೆಗಳಿಗೆ ಸೂಚನೆ ಕೊಟ್ಟಿದೆ. ವಾಟ್ಸ್‌ಆ್ಯಪ್‌ಗೆ ಕೌನ್ಸಿಲ್ ಇಲ್ಲ. ತೀರಿಕೊಂಡ ಮಗುವಿನ ಫೋಟೊ, ಬರೆದಿಟ್ಟ ಚೀಟಿ, ಹೇಗೆ ಎಲ್ಲಿ ಎಂಬ ವಿವರ, "ಇದಕ್ಕೇ ಹೀಗಾಯಿತು" ಎಂಬ ಊಹೆ ಇವುಗಳನ್ನು ಮುಂದೆ ಕಳಿಸದಿರುವುದು ಪ್ರತಿ ಸದಸ್ಯರ ಕೈಯಲ್ಲಿದೆ. ಗುಂಪಿನ ಅಡ್ಮಿನ್ ಕೂಡಲೇ ಅಳಿಸಬೇಕು. ಆ ಮನೆಯಲ್ಲಿ ಉಳಿದ ಅಣ್ಣ ತಮ್ಮಂದಿರು, ಅದೇ ತರಗತಿಯ ಗೆಳೆಯರು ಅದನ್ನು ನೋಡುತ್ತಿರುತ್ತಾರೆ.

ಡಾಕ್ಟರ ಬಳಿ ಹೋಗುವುದು

ಮನೋವೈದ್ಯರೆಂದರೆ ದೊಡ್ಡ ನಗರದ ಮಾತು ಎಂದುಕೊಳ್ಳುವ ಚಿತ್ರದುರ್ಗದವರಿಗೆ ಒಂದು ವಿಷಯ ಸಂತೋಷ ಕೊಡಬಹುದು. ಸಾಮಾನ್ಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಿಸಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ಜಿಲ್ಲಾ ಮಟ್ಟದಲ್ಲಿ ಮಾಡಿ ತೋರಿಸಿದ್ದು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. ಆ ಬಳ್ಳಾರಿ ಮಾದರಿಯೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್‌ಗಳನ್ನು ಶುರು ಮಾಡಿದ್ದಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ದಿನ ಎಂದು ಒಮ್ಮೆ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ನಿಮ್ಹಾನ್ಸ್ ಮತ್ತು ಯುವ ಸಬಲೀಕರಣ ಇಲಾಖೆ ಸೇರಿ ನಡೆಸುವ ಯುವ ಸ್ಪಂದನ ಕೇಂದ್ರಗಳೂ ಜಿಲ್ಲಾ ಕೇಂದ್ರಗಳಲ್ಲಿ ಇವೆ.

ಜನ ಹಿಂಜರಿಯುವುದು ದೂರಕ್ಕೋ ಖರ್ಚಿಗೋ ಅಲ್ಲ, ಸುದ್ದಿ ಹೊರಗೆ ಹೋದರೆ ನಾಳೆ ಸಂಬಂಧ ಕೂಡಿಸುವಾಗ ಏನು ಎಂಬ ಭಯಕ್ಕೆ. ವ್ಯಾಪಾರದ ಮನೆಗಳಲ್ಲಿ ಈ ಭಯ ಇನ್ನೂ ಜಾಸ್ತಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ರೋಗಿಯ ವಿವರವನ್ನು ಆಸ್ಪತ್ರೆ ಗುಟ್ಟಾಗಿಡಲೇಬೇಕು. ಪ್ರಯತ್ನಿಸಿದವರ ಮೇಲೆ ಕೇಸು ಹಾಕುತ್ತಾರೆ ಎಂಬುದೂ ಹಳೆಯ ಮಾತು. ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಿ, ಶಿಕ್ಷೆಯ ಬದಲು ಆರೈಕೆ ಕೊಡಬೇಕೆಂದು ಅದೇ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಪೊಲೀಸರಿಗೆ ಹೆದರಿ ಮಗುವನ್ನು ಆಸ್ಪತ್ರೆಗೆ ಒಯ್ಯಲು ಒಂದು ನಿಮಿಷವೂ ತಡ ಮಾಡಬಾರದು, ವೈದ್ಯರಿಗೆ ನಡೆದದ್ದನ್ನು ಮುಚ್ಚಿಡಬಾರದು.

ವೈದ್ಯರು ಎಲ್ಲ ಮಕ್ಕಳಿಗೂ ಮಾತ್ರೆ ಬರೆಯುವುದಿಲ್ಲ. ಮಾತಿನ ಚಿಕಿತ್ಸೆಯೇ ಎಷ್ಟೋ ಸಲ ಸಾಕಾಗುತ್ತದೆ. ಮಾತ್ರೆ ಕೊಟ್ಟರೆ ಮೊದಲ ಕೆಲವು ವಾರ ಮಗುವನ್ನು ಹತ್ತಿರದಿಂದ ಗಮನಿಸಬೇಕು, ನಡವಳಿಕೆ ಬದಲಾದರೆ ತಿಳಿಸಬೇಕು, ಚೆನ್ನಾಗಾಯಿತೆಂದು ತಾವೇ ನಿಲ್ಲಿಸಬಾರದು.

ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಸೇವೆ. ಇದರ ರಾಷ್ಟ್ರೀಯ ಮುಖ್ಯ ಕೇಂದ್ರ ನಿಮ್ಹಾನ್ಸ್. 14416 ಅಥವಾ 1800-891-4416ಕ್ಕೆ ಕರೆ ಮಾಡಿದರೆ ಮೊದಲು ಭಾಷೆ ಆರಿಸಿಕೊಳ್ಳಲು ಹೇಳುತ್ತದೆ. ಕನ್ನಡ ಆರಿಸಿದರೆ ತರಬೇತಾದ ಸಮಾಲೋಚಕರು ಮಾತಾಡುತ್ತಾರೆ. ಅಗತ್ಯ ಕಂಡರೆ ಮನೋವೈದ್ಯರಿಗೆ ಜೋಡಿಸುತ್ತಾರೆ, ಹತ್ತಿರದ ಆಸ್ಪತ್ರೆಗೆ ಹೋಗಲು ದಾರಿ ಹೇಳುತ್ತಾರೆ. ದಿನದ 24 ಗಂಟೆಯೂ ಇರುತ್ತದೆ. ಮಗುವೇ ಮಾಡಬಹುದು, ಮಗುವಿನ ಬಗ್ಗೆ ಗಾಬರಿಯಾದ ತಂದೆ, ತಾಯಿ, ಅಜ್ಜ, ಮೇಷ್ಟ್ರು, ಹಾಸ್ಟೆಲ್ ವಾರ್ಡನ್ ಯಾರು ಬೇಕಾದರೂ ಮಾಡಬಹುದು. ಹಾಸ್ಟೆಲಿಗೆ ಹೊರಡುವ ಮಗುವಿನ ಫೋನಿನಲ್ಲಿ ಈ ಸಂಖ್ಯೆಯನ್ನು ಮನೆಯವರ ಸಂಖ್ಯೆಯ ಜೊತೆಗೇ ಸೇವ್ ಮಾಡಿ ಕಳಿಸಬಹುದು. ಫೋನು ಇಟ್ಟುಕೊಳ್ಳಲು ಬಿಡದ ಹಾಸ್ಟೆಲಾದರೆ ನೋಟಿಸ್ ಬೋರ್ಡಿನಲ್ಲಿ ಹಾಕಿಸಿ, ಅಲ್ಲಿಂದ ಕರೆ ಮಾಡಲು ಒಂದು ಫೋನನ್ನು ಯಾವ ಹೊತ್ತಿಗೂ ಬಿಟ್ಟಿರುವಂತೆ ಆಡಳಿತದವರನ್ನು ಕೇಳಬೇಕು.